ಬಿಡಬೇಕಿದ್ದ ಚೆಂಡು

“ಒಳಕ್ಕೆ ಬಾರೋ ಮಲ್ಲಿಕಾರ್ಜುನ, ಒಂದು ಲೋಟ ನೀರಾದರೂ ಕುಡಿಯೋ...” ಎಂದು ಪವಿತ್ರ ಎರಡೆರಡು ಸಲ ಕರೆದಳು. ತಮ್ಮ ಹೊಸ್ತಿಲು ದಾಟಲಿಲ್ಲ! ಹನ್ನೆರಡು ವರ್ಷದ ಮೇಲೆ ಒಡಹುಟ್ಟಿದವನು ತಿ. ನರಸೀಪುರದ ಆ ಬಾಡಿಗೆ ಮನೆಯ ಮುಂದೆ ನಿಂತಿದ್ದಾನೆ, ಕಾಲಿನ ಚಪ್ಪಲಿ ಕೂಡ ಬಿಟ್ಟಿಲ್ಲ.

“ಅವ್ವ ಅನ್ನ ಬುಟ್ಟು ನಾಲ್ಕು ದಿನ ಆಯ್ತು ಅಕ್ಕ. ನಿನ್ನೇ ಕನವರಿಸ್ತಾವ್ಳೆ. ಆದ್ರೆ ಮಾತು ಅದೇಯ... ಭಾವ ಬಂದು, ಆವತ್ತು ಬಾಲ್ನ ಬೇಕೂಂತ್ಲೇ ಹಿಡ್ದೆ ಅಂತ ಒಪ್ಕೊಬೇಕು. ಒಪ್ಕೊಂಡ್ರೆ ಮಿಕ್ಕಿದ್ದೆಲ್ಲಾ ಮರ್ತೋಯ್ತೀನಿ ಅಂದವ್ಳೆ.”

“ಸಾಯೋ ಕಾಲಕ್ಕೂ ಅದೇ ಹಟವೇನೋ! ಮಾಡದ ತಪ್ಪನ್ನ ಅವರ್ಯಾಕೆ ಒಪ್ಕೊಬೇಕು? ನನ್ ಗಂಡ ಸುಳ್ ಏಳೋರಲ್ಲ ಕಣೋ!”

ಮಲ್ಲಿಕಾರ್ಜುನ ಅಕ್ಕನ ಮುಖ ನೋಡಿದ. ಬಸ್‌ಸ್ಟ್ಯಾಂಡಿನ ಕಡೆಗೆ ನಡೆದುಬಿಟ್ಟ.

ಆ ಹಟದ ಬುಡ ಎಲ್ಲಿದೆಯೆಂದು ಹೇಳಿಬಿಡುತ್ತೇನೆ, ಕೇಳಿ. 1994ರಲ್ಲಿ ಪವಿತ್ರಳ ಗಂಡ ಬಸವೇಶ ಎಂದರೆ ನಂಜನಗೂಡಿನಲ್ಲಿ ಗೊತ್ತಿಲ್ಲದವರಿರಲಿಲ್ಲ. ಸರ್ಕಾರಿ ಇಲಾಖೆಯೊಂದರ ಫುಟ್‌ಬಾಲ್ ತಂಡಕ್ಕೆ ಅವನು ಗೋಲ್‌ಕೀಪರ್. ಆರಡಿ ಆಳು, ಅಷ್ಟೇ ಎತ್ತರದ ಜಂಬ. ಆ ವರ್ಷ ತಂಡಕ್ಕೆ ಗೋಲು ಹೊಡೆಯುವ ಹುಡುಗನೊಬ್ಬ ಬೇಕಾಗಿ, ಕ್ರೀಡಾ ಕೋಟಾದಲ್ಲಿ ಒಂದು ಗುಮಾಸ್ತೆ ಕೆಲಸ ಖಾಲಿ ಬಿತ್ತು. ಅರ್ಜಿ ಹಾಕಿದವರಲ್ಲಿ ಅವನ ಬಾಮೈದ ಮಲ್ಲಿಕಾರ್ಜುನನೂ ಒಬ್ಬ. ಬಸವೇಶನೇ ಕಾಯುವ ಗೋಲಿಗೆ ಐದು ಪೆನಾಲ್ಟಿ ಒದೆಯಬೇಕು, ನಾಲ್ಕು ಗೋಲಾದರೆ ಕೆಲಸ ಸಿಕ್ಕಂತೆ!

ಹಿಂದಿನ ದಿನವೇ ಅತ್ತೆ ಸಿದ್ದಲಿಂಗಮ್ಮ ಹುಲ್ಲಹಳ್ಳಿಯಿಂದ ಬಂದಿಳಿದರು. ಗಂಡ ತೀರಿಕೊಂಡ ಮೇಲೆ ಗದ್ದೆ ಕೆಲಸ ಮಾಡಿಸಿ ಇಬ್ಬರು ಮಕ್ಕಳನ್ನು ಸಾಕಿದಾಕೆ. ಬಾಯಿ ಜೋರು, ಬೇಡಿ ಅಭ್ಯಾಸವಿಲ್ಲ. ಅಂಥವರು ಅಳಿಯನ ಮುಂದೆ ಸೆರಗೊಡ್ಡಿದರು.

“ಒಂದು ಬಾಲು ಬುಟ್ಬುಟ್ರೆ ನಿಮ್ ಗಂಟೇನ್ ಓಯ್ತದೆ ಅಳಿಯಂದ್ರೇ? ನಿಮ್ ಬಾಮೈದ ಬದುಕ್ಕತಾನೆ.”

“ಆಗ್ಲಿ ಅತ್ತೆ, ಬಿಡ್ತೀನಿ” ಎಂದ ಬಸವೇಶ. ಹೆಂಡತಿಯ ಎದುರಿಗೇ ಎಂದ.

ಮಾರನೆಯ ದಿನ ಮಲ್ಲಿಕಾರ್ಜುನ ಸ್ವಂತ ಬಲದಿಂದಲೇ ಮೂರು ಗೋಲು ಹೊಡೆದ. ಒಂದು ಆಚೆ ಹೋಯಿತು. ಉಳಿದದ್ದು ಐದನೆಯದು. ಅವನು ಎಡಮೂಲೆಗೆ ಒದ್ದ. ಬಸವೇಶ ಅತ್ತಲೇ ಹಾರಿದ. ಚೆಂಡು ಅವನ ತೋಳುಗಳೊಳಗಿತ್ತು! ನೆರೆದವರು ಚಪ್ಪಾಳೆ ತಟ್ಟಿದರು. ಮಲ್ಲಿಕಾರ್ಜುನ ಯಾರನ್ನೂ ನೋಡದೆ ಮೈದಾನ ಬಿಟ್ಟು ನಡೆದ.

“ಕೈ ತಾನಾಗೇ ಹೋಯ್ತು ಅತ್ತೆ... ಹದಿನೈದು ವರ್ಷದ ಅಭ್ಯಾಸ, ನಾನೇನ್ ಮಾಡ್ಲಿ?” ಎಂದ ಬಸವೇಶ, ಮನೆಗೆ ಬಂದು.

“ಬೇಕೂಂತ್ಲೇ ಇಡ್ದೆ ಅನ್ನಿ, ಬೈದು ನಾಲ್ಕು ದಿನಕ್ಕೆ ಮರೀತೀನಿ. ಕೈ ಮೇಲ್ ಯಾಕ್ ಆಕ್ತೀರಿ? ನಿಜ ಏಳೋಗಂಟ ನನ್ ಮನೆ ಬಾಗ್ಲು ತುಳೀಬ್ಯಾಡಿ!” ಎಂದರು ಸಿದ್ದಲಿಂಗಮ್ಮ.

ಆಗ ಐದು ತಿಂಗಳ ಬಸುರಿ ಪವಿತ್ರ. ತಾಯಿಯ ಕಡೆ ನಿಲ್ಲಲಿಲ್ಲ, ಗಂಡನ ಮಾತಿನ ಕಡೆ ನಿಂತಳು! ಚೊಚ್ಚಲ ಬಾಣಂತನಕ್ಕೂ ತವರಿಗೆ ಹೋಗಲಿಲ್ಲ. ಪಕ್ಕದ ಮನೆಯ ಮಲ್ಲಾಜಮ್ಮನೇ ಎಣ್ಣೆ ಹಚ್ಚಿ ನೀರು ಹಾಕಿದಳು. ಗೌರಿ ಹಬ್ಬದ ದಿನ ಬೀದಿಯ ಹೆಂಗಸರಿಗೆಲ್ಲ ಅಣ್ಣತಮ್ಮಂದಿರು ಬಾಗಿನ ತಂದರೆ, ಇವಳು ತಲೆನೋವೆಂದು ಕದ ಹಾಕಿಕೊಳ್ಳುತ್ತಿದ್ದಳು. ಮಗಳು ಶಿವಾನಿ ಅಜ್ಜಿಯ ಮುಖವನ್ನೇ ಕಾಣದೆ ಬೆಳೆದಳು. ಅಯ್ಯೋ, ಒಂದು ಮಾತಿಗಾಗಿ ಎಷ್ಟು ತೆತ್ತಳು ಆ ಹೆಣ್ಣುಮಗಳು!

ನಾಲ್ಕು ವರ್ಷದ ಮೇಲೆ ಬಸವೇಶನ ಬಲಭುಜ ಕಳಚಿ ಆಟ ಮುಗಿಯಿತು. ಇಲಾಖೆಯವರು ನರಸೀಪುರದ ಕಚೇರಿಗೆ ಹಾಕಿದರು. ಕಚೇರಿ ಬಿಟ್ಟರೆ ಮೈದಾನ, ಮೈದಾನ ಬಿಟ್ಟರೆ ಕಚೇರಿ. ಅಲ್ಲಿ ಕಾಲೇಜು ಹುಡುಗರಿಗೆ ಗೋಲು ಕಾಯುವುದನ್ನು ಕಲಿಸತೊಡಗಿದ. ಅವನ ಕೈಯಲ್ಲಿ ಪಳಗಿದ ಮೂವರು ವಿಶ್ವವಿದ್ಯಾನಿಲಯದ ತಂಡಕ್ಕೆ ಹೋದರು. ‘ಕೋಚ್ ಸಾ’ ಎಂದರೆ ಊರಿಗೆ ಗೌರವ. ಪವಿತ್ರ ಮಾತ್ರ ಒಂದು ದಿನವೂ ಆ ಮೈದಾನಕ್ಕೆ ಕಾಲಿಟ್ಟವಳಲ್ಲ. ಫುಟ್‌ಬಾಲಿನ ಮಾತೆತ್ತಿದರೆ ಎದ್ದು ಒಳಗೆ ಹೋಗುತ್ತಿದ್ದಳು.

ಇವತ್ತು, ತಮ್ಮ ಹೋದ ಮೇಲೆ, ಅವಳು ಉಟ್ಟ ಸೀರೆಯಲ್ಲೇ ಮೈದಾನಕ್ಕೆ ಓಡಿದಳು. ಒಪ್ಪಿಕೊಳ್ಳುವುದು ಬೇಡ, ಬಾಗಿಲ ಆಚೆ ನಿಂತಾದರೂ ಅವ್ವನನ್ನು ಒಮ್ಮೆ ನೋಡಿ ಬರೋಣ ಎಂದು ಗಂಡನನ್ನು ಕೇಳಬೇಕಿತ್ತು. ಬಸವೇಶ ಅವಳಿಗೆ ಬೆನ್ನು ಮಾಡಿ, ಗೋಲಿನ ಮುಂದೆ ಕೂತ ಹುಡುಗರಿಗೆ ಪಾಠ ಹೇಳುತ್ತಿದ್ದ.

“ಪೆನಾಲ್ಟಿ ಒದೆಯೋನು ಓಡಿ ಬರ್ತಿರೋವಾಗ್ಲೇ ಯಾವ ಕಡೆ ಹಾರ್ಬೇಕು ಅಂತ ತೀರ್ಮಾನ ಮಾಡ್ಬೇಕು ಕಣ್ರೋ. ಬಾಲು ಕಾಲು ಬಿಟ್ಮೇಲೆ ಯೋಚ್ನೆ ಮಾಡ್ತಾ ನಿಂತ್ರೆ ಅದು ಬಲೇಲಿರುತ್ತೆ. ಮೊದ್ಲು ಮನಸ್ಸು, ಆಮೇಲೆ ಕಾಲು, ಕೊನೇಲಿ ಕೈ. ಕೈ ತಾನಾಗೇ ಹೋಯ್ತು ಅಂತ ಯಾವ ಕೀಪರಾದ್ರೂ ಅಂದ್ರೆ ನಂಬ್ಬೇಡಿ, ಸುಳ್ಳು!”

ಪವಿತ್ರ ಅಲ್ಲೇ ನಿಂತುಬಿಟ್ಟಳು. ಹುಡುಗರು ಅವಳನ್ನು ನೋಡಿದರು. ಅವರ ಕಣ್ಣು ಹೋದತ್ತ ಬಸವೇಶನೂ ತಿರುಗಿದ. ಹೆಂಡತಿಯ ಮುಖ ಕಂಡೊಡನೆ ಅವನಿಗೆ ಎಲ್ಲ ತಿಳಿಯಿತು. ಹುಡುಗರನ್ನು ಮನೆಗೆ ಕಳಿಸಿದ.

“ಆವತ್ತು... ನೀವು ಯಾವಾಗ ತೀರ್ಮಾನ ಮಾಡಿದ್ರಿ?”

ಅವನು ಬಗ್ಗಿ ಚೆಂಡನ್ನು ಎತ್ತಿಕೊಂಡ.

“ಅವನು ಓಡಿ ಬರ್ತಿರೋವಾಗ್ಲೇ... ಬಾಮೈದ ಅಂತ ಬಿಡ್ತಾನೆ ನೋಡು ಅಂತ ಸುತ್ತ ನಿಂತೋರು ನಗ್ತಿದ್ರು ಕಣೆ. ಅವರ ಮುಂದೆ ಸೋಲಕ್ಕೆ ಮನಸ್ಸಾಗ್ಲಿಲ್ಲ. ಹಿಡಿದ್ಮೇಲೆ ನಾಚಿಕೆ ಆಯ್ತು, ಸುಳ್ಳು ಹೇಳ್ದೆ. ನೀನು ನಂಬ್ಬಿಟ್ಟೆ... ನೀನು ನಂಬಿದ್ಮೇಲೆ ನಿಜ ಹೆಂಗ್ ಹೇಳ್ಲಿ?”

“ನಮ್ಮವ್ವ ಕೇಳಿದ್ದು ಅದೊಂದೇ ಮಾತಲ್ವೇನ್ರೀ! ನೀವು ಏಳಿದ್ರೆ ನಂಗೆ ತವರಿತ್ತು. ಬಾಣಂತನ್ದಲ್ಲಿ ಅವ್ವನ ಕೈಲಿ ತಲೆಗ್ ನೀರ್ ಉಯ್ಸ್ಕೊತಿದ್ದೆ! ನಿಮ್ ಮಾತು ನಂಬಿ ಎತ್ತವಳ ಮೇಲೇ ಕೂಗಾಡ್ದೆನಲ್ಲಾ... ಅಯ್ಯೋ ಶಿವನೇ!”

ಅವಳು ಗೋಲಿನ ಕಂಬ ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಬಸವೇಶ ಮುಟ್ಟಿ ಸಮಾಧಾನ ಮಾಡಲು ಹೋದ. ಅವಳು ಸರಿದು ನಿಂತಳು.

ಶಿವಾನಿಯನ್ನು ಕರೆದುಕೊಂಡು ಮೂವರೂ ಬಸ್ಸು ಹತ್ತಿದರು. ನಂಜನಗೂಡಿನಲ್ಲಿ ಬಸ್ಸು ಬದಲಾಯಿಸಿದಾಗಲೂ ಪವಿತ್ರ ಮಗಳನ್ನು ನಡುವೆ ಕೂರಿಸಿಕೊಂಡಳು. ಹುಲ್ಲಹಳ್ಳಿ ಸೇರುವಾಗ ದೀಪ ಹಚ್ಚುವ ಹೊತ್ತು. ಚಾಪೆಯ ಮೇಲೆ ಸಿದ್ದಲಿಂಗಮ್ಮ ಬರೀ ಮೂಳೆಯಾಗಿ ಮಲಗಿದ್ದರು. ಬಸವೇಶ ಅವರ ಕಾಲ ಬಳಿ ಕುಕ್ಕರಿಸಿದ.

“ಅತ್ತೆ, ಬೇಕೂಂತ್ಲೇ ಹಿಡ್ದೆ. ಜಂಬಕ್ಕೆ ಹಿಡ್ದೆ. ಮಲ್ಲಿಕಾರ್ಜುನನ ಅನ್ನ ಕಿತ್ಕೊಂಡೆ...”

ಮಲ್ಲಿಕಾರ್ಜುನ ಗೋಡೆಯ ಕಡೆ ಮುಖ ತಿರುಗಿಸಿಕೊಂಡ. ಮುದುಕಿಯ ಬತ್ತಿದ ತುಟಿ ಅಲುಗಿತು.

“ನಂಗೊತ್ತಿರ್ನಿಲ್ವಾ ಅಳಿಯಂದ್ರೇ... ಇಷ್ಟು ಏಳಕ್ಕೆ ಅನ್ನೆರಡು ವರ್ಸ ಬೇಕಾಯ್ತಾ? ಓಗ್ಲಿ ಬುಡಿ. ಬಂದ್ರಲ್ಲಾ... ಉಂಡ್ಕಂಡ್ ಓಗಿ.”

ಆಮೇಲೆ ಮೊಮ್ಮಗಳ ಕೆನ್ನೆಯ ಮೇಲೆ ಕೈಯಾಡಿಸಿದರು, ಮಗಳ ಬೆರಳು ಹಿಡಿದುಕೊಂಡರು. ಆ ಹಿಡಿತ ಎರಡೇ ದಿನ! ಮೂರನೆಯ ದಿನ ಬೆಳಗ್ಗೆ ಪವಿತ್ರ ಚಮಚದಲ್ಲಿ ಹಾಕಿದ ನೀರು ಗಂಟಲಿಗಿಳಿಯಲಿಲ್ಲ. ತಾಯಿದ್ದರೆ ತವರು ಎನ್ನುತ್ತಾರೆ. ಹನ್ನೆರಡು ವರ್ಷ ಕಾದವಳಿಗೆ ಸಿಕ್ಕಿದ್ದು ಇಷ್ಟೇ.

ಕಾರ್ಯವೆಲ್ಲ ಮುಗಿದ ಮೇಲೆ ತಮ್ಮನೇ ಅಕ್ಕನನ್ನು ನರಸೀಪುರದವರೆಗೆ ಬಿಟ್ಟು, ಒಳಗೆ ಕೂತು ಕಾಫಿ ಕುಡಿದು ಹೋದ. ಪವಿತ್ರ ಗಂಡನ ಮೇಲೆ ಕೂಗಾಡಲಿಲ್ಲ. ಹಳೆಯದನ್ನು ಎತ್ತಿ ಆಡಲಿಲ್ಲ. ಮುಂಚಿನಂತೆಯೇ ಬಿಸಿನೀರು ಕಾಯಿಸುತ್ತಾಳೆ, ಅವನ ನೋಯುವ ಭುಜಕ್ಕೆ ಎಣ್ಣೆ ತಿಕ್ಕುತ್ತಾಳೆ. ಊರವರ ಕಣ್ಣಿಗೆ ಚೆಂದದ ಸಂಸಾರ. ಆದರೆ ಒಂದು ಅಭ್ಯಾಸ ಅವಳಿಗೆ ಅಂಟಿಕೊಂಡುಬಿಟ್ಟಿತು. ಚುಚ್ಚಬೇಕೆಂದಲ್ಲ, ಅವಳಿಗೇ ಅದರ ಅರಿವಿತ್ತೋ ಇಲ್ಲವೋ!

ಮೈದಾನದಿಂದ ಬಂದು ಅವನು ಗೋಡೆಗೊರಗಿ ಕೂರುತ್ತಾನೆ. ಅವಳು ತಟ್ಟೆ ತಂದಿಡುತ್ತಾಳೆ.

“ಈಗ ಹಸಿವಿಲ್ಲ ಕಣೆ, ಆಮೇಲೆ ಉಣ್ತೀನಿ.”

“ನಿಜ್ವಾ?”

“ನಿಜ ಕಣೆ, ಪವಿತ್ರ.”

ಅವಳು ಅವನ ಮುಖವನ್ನೇ ಒಂದು ಗಳಿಗೆ ನೋಡುತ್ತಾಳೆ. ಆಮೇಲೆ ತಟ್ಟೆ ಎತ್ತಿಕೊಂಡು ಒಳಗೆ ಹೋಗುತ್ತಾಳೆ.