ಎಂಟುನೂರ ಎಂಬತ್ತು ಮೀಟರ್

"ಆ ವಾಚು ಬಿಚ್ಚಿಡಿ."

ಗಣಿಯ ಬಾಯಲ್ಲಿ ಕೆಳಗಿಳಿಯಲು ಮೂವತ್ತು ಜನ ಸಾಲಾಗಿ ನಿಂತಿದ್ದರು. ಅಷ್ಟೂ ಜನರೆದುರು ಅವಳ ಮಣಿಕಟ್ಟನ್ನೇ ನೋಡುತ್ತ ಅವನು ಹಾಗೆಂದಿದ್ದ.

ಅವಳ ಮುಖಕ್ಕೆ ರಕ್ತ ನುಗ್ಗಿತು. ಕಲ್ಲಿದ್ದಲ ಗಣಿಯೊಳಗೆ ಕಣ್ಣಿಗೆ ಕಾಣದ ಅನಿಲವಿರುತ್ತದೆ. ಒಂದು ಕಿಡಿ ಸಾಕು, ಹೊತ್ತಿಕೊಳ್ಳಲು. ಅದಕ್ಕೇ ಸಾಮಾನ್ಯ ಬ್ಯಾಟರಿಯ ಯಾವ ವಸ್ತುವನ್ನೂ ಒಳಗೆ ಒಯ್ಯುವಂತಿಲ್ಲ. ಇದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ತಂತಿ ತುಂಡಾಗಿ ಕಿಡಿ ಹಾರಿದರೂ ಅನಿಲಕ್ಕೆ ಬೆಂಕಿ ತಗುಲದಷ್ಟು ದುರ್ಬಲವಾದ ವಿದ್ಯುತ್ತಿನಲ್ಲೇ ನಡೆಯುವ ಉಪಕರಣಗಳ ವಿನ್ಯಾಸ ಅವಳ ವೃತ್ತಿ. ಫೋನು ಒಪ್ಪಿಸಿದವಳು ವಾಚು ಮರೆತಿದ್ದಳು.

'ಮೊದಲ ದಿನವೇ ಮಾನ ಹೋಯ್ತು...'

ತಲೆದೀಪಗಳನ್ನು ನೋಡಿಕೊಳ್ಳುವ ಹಿರಿಯ ಹೆಂಗಸು, ಎಲ್ಲರ ದೀಪದಕ್ಕ, ವಾಚನ್ನು ಡಬ್ಬಿಗೆ ಹಾಕುತ್ತ ನಕ್ಕಳು. "ಬೇಜಾರು ಮಾಡ್ಕೋಬೇಡಮ್ಮ. ಇವನು ನಮ್ಮ ಎಲೆಕ್ಟ್ರಿಷಿಯನ್. ಎಲ್ಲದಕ್ಕೂ ಬೇಡ ಅಂತಾನೇಂತ ಹೆಸರೇ ಬೇಡಪ್ಪ. ಮದುವೆಗೂ ಬೇಡ ಅಂದು ಕೂತವನು."

ಬೇಡಪ್ಪ ನಗಲಿಲ್ಲ. ಆದರೆ ಸುರಂಗದಲ್ಲಿ ನೀರು ನಿಂತಲ್ಲೆಲ್ಲ ತನ್ನ ದೀಪವನ್ನು ಅವಳ ಹೆಜ್ಜೆಯತ್ತ ತಗ್ಗಿಸುತ್ತಿದ್ದ.

ಹೊಸ ಅನಿಲ ಸೂಚಕಗಳನ್ನು ಕೂರಿಸಲು ಆರು ವಾರ ಹಿಡಿಯಿತು. ಕೆಲಸಗಾರರು ಅವಳನ್ನು ಲೆಕ್ಕದ ಮೇಡಂ ಎಂದು ಕರೆಯತೊಡಗಿದರು. ಪ್ರತಿಯೊಂದನ್ನೂ ಮೂರು ಸಲ ಲೆಕ್ಕ ಹಾಕದೆ ತನಗೆ ಸಮಾಧಾನವಿಲ್ಲವೆಂದು ಒಮ್ಮೆ ಅವಳು ಅವನಲ್ಲಿ ಒಪ್ಪಿಕೊಂಡಳು. ನಗುತ್ತಾನೆ ಅಂದುಕೊಂಡಿದ್ದಳು.

"ಭಯ ಇರೋರ ಜೊತೆ ಕೆಲಸ ಮಾಡೋಕೇ ನಂಗೆ ಧೈರ್ಯ," ಎಂದ ಅವನು.

ಅಂದಿನಿಂದ ಗಣಿಗೆ ಹೊರಡುವ ಮುನ್ನ ಅವಳು ಕನ್ನಡಿಯ ಮುಂದೆ ಎರಡು ನಿಮಿಷ ಹೆಚ್ಚೇ ನಿಲ್ಲುತ್ತಿದ್ದಳು. ಹೆಲ್ಮೆಟ್ಟಿನಡಿ ಏನು ಕಾಣಬೇಕು ಎಂದು ತನ್ನನ್ನೇ ಬೈದುಕೊಳ್ಳುತ್ತಿದ್ದಳು...

ಎಲ್ಲ ಸಿದ್ಧವಾದ ದಿನವೇ ಅವನು ಸೂಚಕಗಳ ಮುಖ್ಯ ಸ್ವಿಚ್ಚಿಗೆ ತನ್ನ ಬೀಗ ಜಡಿದ. ಗಣಿಯಲ್ಲಿ ಪ್ರತಿ ಎಲೆಕ್ಟ್ರಿಷಿಯನ್ನಿಗೂ ಸ್ವಂತದ್ದೊಂದು ಬೀಗವಿರುತ್ತದೆ. ಅದಿರುವಷ್ಟು ಕಾಲ ವಿದ್ಯುತ್ತು ಹರಿಸುವಂತಿಲ್ಲ. ಹಾಕಿದವನೇ ತೆಗೆಯಬೇಕು, ಇಲ್ಲವಾದರೆ ಮ್ಯಾನೇಜರರ ಆದೇಶದ ಮೇಲೆ ಕತ್ತರಿಸಬೇಕು.

ಸೂಚಕಗಳಿಗೆ ಎಳೆದ ತಂತಿಯ ಉದ್ದವನ್ನು ಇನ್ನೊಮ್ಮೆ ನೋಡಿ ಎಂದು ಅವನು ತಗ್ಗಿದ ದನಿಯಲ್ಲಿ ಕೇಳಿಕೊಂಡ. ಮೂರು ಸಲ ನೋಡಿದ್ದೇನೆಂದು ಅವಳು ಸಿಡುಕಿದಳು. ಅವನು ಕೊಟ್ಟ ಮಡಿಸಿದ ಚೀಟಿಯನ್ನು ಬಿಚ್ಚದೆ ಫೈಲಿಗೆ ತುರುಕಿದಳು. 'ನನ್ನ ಲೆಕ್ಕದ ಮೇಲೇ ಅನುಮಾನವೇ? ಇವನಿಗೂ?'

ಹತ್ತು ದಿನ ಕೆಲಸ ನಿಂತಿತು. ಮ್ಯಾನೇಜರ್ ಕಾರಣ ಕೇಳಿದಾಗ ಪಾಳಿಯ ಜನರೆಲ್ಲ ಅಲ್ಲೇ ಇದ್ದರು.

"ಅವರಿಗೆ ಹೊಸದು ಅಂದ್ರೆ ಭಯ ಸರ್," ಎಂದಳು. "ಬೀಗ ಒಡೆಸಿ."

ಹಾಗೆಂದು ಬರೆದೂ ಕೊಟ್ಟಳು. ಲೆಕ್ಕ ತಿದ್ದದೆ ಕೀ ಕೊಡುವುದಿಲ್ಲ ಎಂದಷ್ಟೇ ಹೇಳಿ ಅವನು ಅವಳನ್ನೊಮ್ಮೆ ನೋಡಿದ. ಅವನನ್ನು ಮೇಲಿನ ದೀಪದ ಕೋಣೆಗೆ ಹಾಕಿದರು. ಕೆಳಗಿಳಿಯುವವರು ಗುರುತಿಗೆ ಹಲಗೆಯಲ್ಲಿ ನೇತುಹಾಕುವ ಹಿತ್ತಾಳೆ ಬಿಲ್ಲೆಯನ್ನು ದೀಪದಕ್ಕನ ಕೈಗಿಟ್ಟು ಅವನು ನಡೆದುಹೋದ. ಶುಕ್ರವಾರ ನಾಲ್ಕು ಗಂಟೆಗೆ ಬೀಗ ಕತ್ತರಿಸುವುದೆಂದು ಗೊತ್ತಾಯಿತು.

ಶುಕ್ರವಾರ ಮೂರು ಗಂಟೆಗೆ ಫೈಲು ಜೋಡಿಸುವಾಗ ಆ ಚೀಟಿ ಮೇಜಿನ ಮೇಲೆ ಜಾರಿತು.

ದುಂಡಗಿನ ಅಕ್ಷರ. 'ತಂತಿಯ ಮೇಲಿನ ಮೀಟರ್ ಗುರುತು. ಶುರುವಿನಲ್ಲಿ 1140. ಕೊನೆಯಲ್ಲಿ 2020.'

ಎಂಟುನೂರ ಎಂಬತ್ತು.

ಅವಳು ನಕ್ಷೆಯ ಮೇಲೆ ಅಳೆದದ್ದು ಆರುನೂರ ಇಪ್ಪತ್ತು. ಏಳುನೂರನ್ನು ಮೀರಬಾರದೆಂದು ಷರತ್ತು ಬರೆದವಳೂ ಅವಳೇ. ತಂತಿ ಉದ್ದವಾದಷ್ಟೂ ಅದರೊಳಗೇ ಶಕ್ತಿ ಕೂಡಿಕೊಳ್ಳುತ್ತದೆ. ತುಂಡಾದ ಗಳಿಗೆಯಲ್ಲಿ ಅದೆಲ್ಲ ಕಿಡಿಗೆ ಸೇರುತ್ತದೆ. ಸುರಂಗದ ಇಳಿಜಾರು, ಯಂತ್ರಗಳನ್ನು ಬಳಸಿ ಎಳೆದ ಸುತ್ತು, ಕೊಕ್ಕೆಯಿಂದ ಕೊಕ್ಕೆಗೆ ತಂತಿ ಜೋತ ಜೋಲು, ಯಾವುದೂ ನಕ್ಷೆಯಲ್ಲಿರಲಿಲ್ಲ. ಮೂರು ಸಲವೂ ಅವಳು ಅದೇ ನಕ್ಷೆಯನ್ನು ಅಳೆದಿದ್ದಳು.

ಚೀಟಿಯ ಕೆಳಗೆ ಇನ್ನೊಂದು ಸಾಲಿತ್ತು. 'ಎಲ್ಲರ ಮುಂದೆ ಹೇಳೋದು ಬೇಡ ಅಂತ ಬರೆದು ಕೊಡ್ತಿದೀನಿ.'

ಅವಳು ಕುರ್ಚಿಯ ಹಿಡಿ ಹಿಡಿದುಕೊಂಡಳು. ಎಲ್ಲರ ಮುಂದೆ... ತಾನು ಅವನಿಗೆ ಮಾಡಿದ್ದು ಅದನ್ನೇ.

ಮ್ಯಾನೇಜರ್ ಫೋನು ಎತ್ತಲಿಲ್ಲ. ಅವರ ಫೋನು ಅದಾಗಲೇ ಗಣಿಬಾಯಿಯ ಡಬ್ಬಿ ಸೇರಿರಬೇಕು. ಅವಳು ಎರಡೇ ಸಾಲು ಗೀಚಿ, ಸಹಿ ಹಾಕಿ ಓಡಿದಳು. ಕಾಗದಪತ್ರ ಏನೋ ಬಾಕಿಯಿದೆ ಎಂದು ಹೇಳಿ ನಿಲ್ಲಿಸಿದರೆ? ಯಾರಿಗೂ ತಿಳಿಯದು... ದಾರಿಯಲ್ಲಿ ಆ ಯೋಚನೆಯೂ ಬಂತು. ಅದು ಬಂದದ್ದಕ್ಕೆ ಇನ್ನಷ್ಟು ನಾಚಿಕೆಯಾಯಿತು.

ಬಿಲ್ಲೆಗಳ ಹಲಗೆಯ ಬಳಿ ಪಾಳಿ ನೆರೆದಿತ್ತು. ಫಿಟ್ಟರನ ಕೈಯಲ್ಲಿ ಕಟ್ಟರ್ ಇತ್ತು.

"ನಿಲ್ಲಿಸಿ ಸರ್. ತಪ್ಪು ನಂದು. ಉದ್ದ ತಪ್ಪು ಅಳೆದಿದ್ದೆ. ಅವರು ಬೀಗ ಹಾಕದೆ ಇದ್ದಿದ್ರೆ..." ಆ ಮೂವತ್ತು ಮುಖಗಳನ್ನು ನೋಡಲಾಗದೆ ಅವರ ಬೂಟುಗಳನ್ನು ನೋಡಿದಳು.

ಇದನ್ನು ಬರೆದುಕೊಟ್ಟರೆ ಅವಳ ಕೆಲಸಕ್ಕೇ ಕುತ್ತು ಬರಬಹುದು ಎಂದರು ಮ್ಯಾನೇಜರ್. ಅವಳು ಕಾಗದವನ್ನು ಚಾಚಿದಳು.

ದೀಪದಕ್ಕ ತನ್ನ ಜೇಬಿನಿಂದ ಅವನ ಬಿಲ್ಲೆ ತೆಗೆದು, ಅವನು ಇಳಿಯುವಾಗ ನೇತುಹಾಕಿಕೊಳ್ಳಲೆಂದು, ಹಲಗೆಯಲ್ಲಿದ್ದ ಅವನ ಮೊಳೆಯ ಕೆಳಗಿನ ಪಟ್ಟಿಯ ಮೇಲೆ ಇಟ್ಟಳು. "ಹೋಗಮ್ಮ. ಒಳಗಿದಾನೆ. ಮೂರು ದಿನದಿಂದ ಒಂದೇ ದೀಪ ಒರೆಸ್ತಿದಾನೆ."

ಕೋಣೆಯಲ್ಲಿ ಸಾಲು ಸಾಲು ದೀಪಗಳು ಚಾರ್ಜಾಗುತ್ತಿದ್ದವು. ಅವಳು ಬಾಗಿಲಲ್ಲೇ ನಿಂತಳು.

"ಕೇಳಿಸ್ತು," ಎಂದ ಅವನು.

"ಕ್ಷಮಿಸಿ ಅನ್ನೋಕೂ ನಾಚಿಕೆ ಆಗುತ್ತೆ. ನನ್ನ ಮೇಲೆ ಕೋಪ ಇಲ್ವಾ?"

"ಇತ್ತು. ಬೀಗ ಒಡೆಸಿ ಅಂದಿದ್ದಕ್ಕಲ್ಲ. ಚೀಟಿ ಓದಿಲ್ಲ ಅಂತ ಗೊತ್ತಾದಾಗ. ನೀವು ಬರದಿದ್ರೆ ಕಟ್ಟರ್ ಎತ್ತೋ ಹೊತ್ತಿಗೆ ನಾನೇ ಎಲ್ಲರ ಮುಂದೆ ಹೇಳ್ಬೇಕಾಗ್ತಿತ್ತು."

ಅವಳ ಕಣ್ಣು ತುಂಬಿತು. ಅವನು ಒರೆಸುತ್ತಿದ್ದ ದೀಪವನ್ನು ಕೆಳಗಿಟ್ಟು ಎದ್ದು ಬಂದ. ಏನು ಮಾಡಬೇಕೆಂದು ತೋಚದೆ ಅದೇ ಬಟ್ಟೆಯನ್ನು ಮುಂದೆ ಹಿಡಿದ. ಆಮೇಲೆ ಅದರ ಮಸಿ ಕಂಡು ಹಿಂದಕ್ಕೆಳೆದುಕೊಂಡ. ಅಳುವಿನ ನಡುವೆಯೇ ಅವಳಿಗೆ ನಗು ಬಂತು.

"ತಂತೀನ ಎರಡು ಭಾಗ ಮಾಡಿ ಹೊಸದಾಗಿ ಲೆಕ್ಕ ಹಾಕ್ತೀನಿ," ಎಂದಳು. "ನನ್ನ ಕೆಲಸ ಉಳಿದ್ರೆ. ಈ ಸಲ ನಕ್ಷೆ ನಂಬಲ್ಲ, ನಡೆದೇ ಅಳೀತೀನಿ. ನೀವು ಜೊತೆಗೆ ಬರ್ತೀರಾ?"

"ಎಷ್ಟು ದೂರ?"

"ಎಂಟುನೂರ ಎಂಬತ್ತು ಮೀಟರ್." ಅವಳು ಮೊದಲ ಸಲ ತಲೆಯೆತ್ತಿದಳು. "ಅದಾದ ಮೇಲೂ... ಕೆಲಸ ಉಳೀದಿದ್ರೂ."

ಅವನು ಮಸಿ ಬಟ್ಟೆಯನ್ನು ಮಡಿಸಿ ಪಕ್ಕಕ್ಕಿಟ್ಟ.

"ಬೇಡ ಅಂದ್ರೆ?"

"ಮೂರು ಸಲ ಕೇಳ್ತೀನಿ. ನನ್ನ ಅಭ್ಯಾಸ ನಿಮಗೆ ಗೊತ್ತಲ್ಲ."

ಅವನು ಜೇಬಿನಿಂದ ಬೀಗದ ಕೀ ತೆಗೆದು, ವಾಚಿಲ್ಲದ ಅವಳ ಕೈಯಲ್ಲಿಟ್ಟು, ಬೆರಳುಗಳನ್ನು ಮೆಲ್ಲಗೆ ಮುಚ್ಚಿದ.

"ಒಂದ್ಸಲ ಸಾಕು," ಎಂದ ಬೇಡಪ್ಪ.