ತಾಯಿಚೇಳಿನ ಪೆಟ್ಟಿಗೆ

೧೯೯೮ರ ಫೆಬ್ರವರಿ ೨, ಸೋಮವಾರ. ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ಪ್ರೊಫೆಸರ್ ಸುಂದರೇಶ ಠಾಣೆಗೆ ಬಂದು, ತಮ್ಮ ಕಾಲೇಜಿನ ಮ್ಯೂಸಿಯಮ್ಮಿನಿಂದ ಚೇಳೊಂದು ಕಳುವಾಗಿದೆ ಎಂದರು. ಹೆಡ್ ಕಾನ್‌ಸ್ಟೆಬಲ್ ಮಹದೇವು ಪೆನ್ನು ನಿಲ್ಲಿಸಿ, ಅದೇ ಎಲ್ಲೋ ಹರಿದುಹೋಗಿರಬೇಕು, ಬೀರುವಿನ ಸಂದಿಯಲ್ಲಿ ನೋಡಿಸಿ ಎಂದ. ಸತ್ತ ಚೇಳು ಕಣ್ರೀ ಎಂದು ಪ್ರೊಫೆಸರ್ ಸಿಡುಕಿದರು.

ಇನ್ಸ್‌ಪೆಕ್ಟರ್ ವೃಷಭೇಂದ್ರಪ್ಪ ನಗಲಿಲ್ಲ. ಮಾಲು ಎಂಥದ್ದೇ ಇರಲಿ, ಕದ್ದವನು ಮನುಷ್ಯನೇ. ಮನುಷ್ಯನಾದ ಮೇಲೆ ಏನಾದರೊಂದು ಎಡವಟ್ಟು ಮಾಡಿಯೇ ಮಾಡಿರುತ್ತಾನೆ. ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ ಈ ಲೆಕ್ಕ ಆತನಿಗೆ ಒಮ್ಮೆಯೂ ತಪ್ಪಿರಲಿಲ್ಲ.

ಗಾಜಿನ ಮುಚ್ಚಳದ ಮರದ ಪೆಟ್ಟಿಗೆ. ಒಳಗೆ ಅಂಗೈಯಷ್ಟು ದೊಡ್ಡ ಕರಿಚೇಳು, ಅದರ ಬೆನ್ನ ತುಂಬ ಇಪ್ಪತ್ತಮೂರು ಮರಿ. ಗುರುವಾರ ವಿಶ್ವವಿದ್ಯಾನಿಲಯದವರು ತಪಾಸಣೆಗೆ ಬರುವವರಿದ್ದರು, ಅವರಿಗೆ ತೋರಿಸಲು ಇಟ್ಟಿದ್ದೇ ಅದನ್ನು. ಅದನ್ನು ತಯಾರಿಸಿದ್ದು ಯಾರು ಎಂದು ಕೇಳಿದಾಗ ಪ್ರೊಫೆಸರ್ ನಾನೇ ಎಂದರು. ಗುರುತೇನಾದರೂ ಉಂಟೇ ಎಂದರೆ, ಚೇಳಿಗೆಂಥ ಗುರುತು ರೀ ಎಂದು ಇನ್ಸ್‌ಪೆಕ್ಟರಿಗೇ ಗದರಿದರು. ಐಪಿಸಿ ೩೮೦ರ ಅಡಿ ಎಫ್ಐಆರ್ ಆಯಿತು.

ಹನ್ನೊಂದೂ ಮುಕ್ಕಾಲಿಗೆ ಸ್ಥಳ ಪಂಚನಾಮೆ. ಬಾಗಿಲ ಬೀಗ ಮುರಿದಿರಲಿಲ್ಲ. ಹೆಚ್ಚುವರಿ ಕೀಲಿ ಚೌಕಟ್ಟಿನ ಮೇಲೆಯೇ ಇರುವುದು ಹಳೇ ನೌಕರರಿಗೆಲ್ಲ ಗೊತ್ತಿದ್ದ ಗುಟ್ಟು. ಗೋಡೆಯ ಮೇಲೆ ಉಳಿದ ಹನ್ನೊಂದು ಪೆಟ್ಟಿಗೆಗಳು: ಜರಿ, ಜೇಡ, ಜೀರುಂಡೆ, ಮಿಡತೆ. ವೃಷಭೇಂದ್ರಪ್ಪ ಒಂದೊಂದಕ್ಕೂ ಮೂಗು ಹಚ್ಚಿ ನೋಡಿದ. ಹುಳ ಹಿಡಿಯದಿರಲೆಂದು ಹಾಕುವ ನುಸಿಗುಳಿಗೆ ಹನ್ನೊಂದರಲ್ಲೂ ಹೊಸದು. ಅದೂ ತೆಳುಬಟ್ಟೆಯಲ್ಲಿ ಗಂಟು ಕಟ್ಟಿ, ಮೂಲೆಗೆ ಗುಂಡುಸೂಜಿಯಿಂದ ಚುಚ್ಚಿದ್ದು.

ಅಟೆಂಡರ್ ಕಮಲಳನ್ನು ಕರೆಸಿ, ಇದು ನಿನ್ನ ಕೆಲಸವೇ ಎಂದು ಕೇಳಿದ.

"ನಾನು ಸುಮ್ನೆ ಒಳಕ್ಕೆ ಹಾಕ್ಬುಡ್ತೀನಿ ಸಾರ್," ಎಂದಳು ಕಮಲ. "ಇಂಗೆ ಗಂಟು ಕಟ್ತಿದ್ದೋರು ಸಿದ್ದಪ್ಪಾಜಿಯೋರು. ಗುಳಿಗೆ ಉರುಳಾಡುದ್ರೆ ಹುಳದ ಕಾಲು ಮುರೀತದೆ ಅನ್ನೋರು."

ಅಲ್ಲಾ, ಕದಿಯಲು ಬಂದ ಆಸಾಮಿ ಉಳಿದವಕ್ಕೆಲ್ಲ ಔಷಧೋಪಚಾರ ಮಾಡಿ ಹೋಗುವುದುಂಟೆ! ವೃಷಭೇಂದ್ರಪ್ಪನ ಮಟ್ಟಿಗೆ ಕೇಸು ಅಲ್ಲಿಗೇ ಮುಗಿಯಿತು. ಉಳಿದದ್ದನ್ನು ಕಮಲಳೇ ತಗ್ಗಿದ ದನಿಯಲ್ಲಿ ಹೇಳಿದಳು. ಮೂವತ್ತೊಂದು ವರ್ಷ ಇಲ್ಲಿನ ಹುಳಗಳನ್ನೆಲ್ಲ ಒಣಗಿಸಿ, ಕಾಲು ಹರಡಿ, ಸೂಜಿ ಚುಚ್ಚಿ ಕೂರಿಸಿದ್ದು ಸಿದ್ದಪ್ಪಾಜಿ. ರಿಟೈರಾಗಿ ಎರಡು ವರ್ಷ. ಹೋದ ತಿಂಗಳು ಪ್ರೊಫೆಸರ್ ಪೆಟ್ಟಿಗೆಗಳ ಮೇಲಿನ ಚೀಟಿಗಳನ್ನೆಲ್ಲ ಬದಲಿಸಿ ತಮ್ಮ ಹೆಸರು ಹಾಕಿಕೊಂಡರು. ಸಿದ್ದಪ್ಪಾಜಿಯ ಮಗಳು ಸುಮಾ ಓದುವುದೂ ಇಲ್ಲೇ, ಬಿ.ಎಸ್ಸಿ. ನಮ್ಮಪ್ಪ ಮಾಡಿದ್ದು ಎಂದು ಗೆಳತಿಯರನ್ನು ಕರೆತಂದು ತೋರಿಸಿದಳಂತೆ. ಅವರು ಚೀಟಿ ಓದಿ ಬಿದ್ದುಬಿದ್ದು ನಕ್ಕರಂತೆ. ಅವತ್ತಿನಿಂದ ಹುಡುಗಿ ಅಪ್ಪನ ಜೊತೆ ಮಾತು ಬಿಟ್ಟಿದ್ದಾಳೆ.

ಮೂರೂ ನಲವತ್ತಕ್ಕೆ ಜೀಪು ಬೋಗಾದಿಯ ಬಾಡಿಗೆ ಮನೆಯ ಮುಂದೆ ನಿಂತಿತು. ಸಿದ್ದಪ್ಪಾಜಿ ಓಡಲಿಲ್ಲ, ಕುರ್ಚಿ ಒರೆಸಿ ಹಾಕಿದರು. ಪೆಟ್ಟಿಗೆ ಟ್ರಂಕಿನ ಮೇಲೆ, ಒಗೆದ ಪಂಚೆಯ ಕೆಳಗಿತ್ತು.

"ಯಾವಾಗ ತಂದ್ರಿ?"

"ನೆನ್ನೆ ಮಧ್ಯಾಹ್ನ ಸಾರ್."

"ಯಾಕೆ?"

"ಮಗಳು ನನ್ನ ಸುಳ್ಳ ಅಂದ್ಬುಟ್ಲು."

ತೋರಿಸಿದಿರಾ ಎಂದು ವೃಷಭೇಂದ್ರಪ್ಪ ಕೇಳಿದ. ಸಿದ್ದಪ್ಪಾಜಿ ಒಳಮನೆಯ ಕಡೆ ಕೈ ಮಾಡಿದರು. ಕದ್ದು ತಂದಿದ್ದು ಅವರದು ಹೆಂಗಾಯ್ತದೆ ಎಂದು ಗೋಡೆಗೆ ಹೇಳುವಂತೆ ಅಂದು ಸುಮಾ ಮುಖ ತಿರುಗಿಸಿ ಕೂತವಳು, ಕಣ್ಣೆತ್ತಿಯೂ ನೋಡಿರಲಿಲ್ಲ. ಇನ್ಸ್‌ಪೆಕ್ಟರಿಗೆ ಮುದುಕನ ಮೇಲೆ ಸಿಟ್ಟೂ ಬಂತು, ಪಾಪವೆಂದೂ ಅನಿಸಿತು.

ಅಕ್ಕಪಕ್ಕದ ಇಬ್ಬರನ್ನು ಪಂಚರನ್ನಾಗಿ ಕೂರಿಸಿ ಜಪ್ತಿ ಪಂಚನಾಮೆ ಶುರುವಾಯಿತು. ನೀವೇ ಮಾಡಿದ್ದೆಂಬುದಕ್ಕೆ ಗುರುತೇನು ಎಂದು ವೃಷಭೇಂದ್ರಪ್ಪ ಒಳಮನೆಗೂ ಕೇಳುವಂತೆ ಗಟ್ಟಿಯಾಗಿ ಕೇಳಿದ. ಸಿದ್ದಪ್ಪಾಜಿ ಸೂಜಿಗಳನ್ನು ಒಂದೊಂದಾಗಿ ಕಿತ್ತು, ಒಂದು ಮರಿಯೂ ಅಲುಗದ ಹಾಗೆ ಚೇಳನ್ನು ಎತ್ತಿ ಹಿಡಿದು ಅದರ ತಳ ತೋರಿಸಿದರು.

"ಹೊಟ್ಟೆ ಕೊಯ್ದು ಒಳಗಿಂದು ತೆಗ್ದು ಹತ್ತಿ ತುಂಬ್ಬೇಕು ಸಾರ್. ದಾರ ಹಾಕುದ್ರೆ ದಪ್ಪವಾಗಿ ಕಾಣ್ತದೆ. ಅದಕ್ಕೇ ನಮ್ಮ ಪುಟ್ಟಮಾದಮ್ಮನ ತಲೆಕೂದ್ಲಲ್ಲಿ ಹೊಲ್ದಿವ್ನಿ. ಏಳು ಹೊಲಿಗೆ."

ಪಂಚರು ಬಗ್ಗಿ ಎಣಿಸಿದರು. ಏಳೇ. ಹೆಂಡತಿ ಪುಟ್ಟಮಾದಮ್ಮ ತೀರಿಕೊಂಡಾಗ ಮಗಳಿಗೆ ಆರು ವರ್ಷವಂತೆ. ಅಷ್ಟು ಹೊತ್ತಿಗೆ ಸುಮಾ ಬಾಗಿಲಿಗೆ ಬಂದು ನಿಂತಿದ್ದಳು.

ವೃಷಭೇಂದ್ರಪ್ಪ ಮಹದೇವುವಿಗೆ ಬಿಡಿಬಿಡಿಸಿ ಹೇಳಿ ಬರೆಸಿದ: ತಳಭಾಗದಲ್ಲಿ ಕೂದಲಿನ ಏಳು ಹೊಲಿಗೆ, ತಯಾರಿಸಿದವರು ಆರೋಪಿ ಸಿದ್ದಪ್ಪಾಜಿ. ನಾನೇ ಮಾಡಿದೆ ಎಂದ ಪ್ರೊಫೆಸರರ ಹೇಳಿಕೆಯನ್ನು ನಾಳೆ ಮತ್ತೊಮ್ಮೆ ತೆಗೆದುಕೊಳ್ಳೋಣ ಎಂದೂ ಸೇರಿಸಿದ. ಹಾಗೆಂದು ಕೈಬಿಡಲಿಲ್ಲ, ಕನಿಕರ ಬೇರೆ, ಕಾನೂನು ಬೇರೆ. ಐದೂ ಹತ್ತಕ್ಕೆ ದಸ್ತಗಿರಿ. ದಸ್ತಗಿರಿ ಪತ್ರಕ್ಕೆ ಮನೆಯವರೊಬ್ಬರ ಸಹಿ ಬೇಕಿತ್ತು. ಸುಮಾ ಸಹಿ ಹಾಕಿದಳು, ಕೆಳಗೆ ಸಿದ್ದಪ್ಪಾಜಿಯವರ ಮಗಳು ಎಂದು ಪೂರ್ತಿ ಬರೆದಳು.

ಪೆಟ್ಟಿಗೆಗೆ ಮುದ್ರೆ ಹಾಕಲು ಮಹದೇವು ಅರಗು ಕಾಯಿಸುತ್ತಿದ್ದ. ಆಗ ಅವಳು ಅಪ್ಪನನ್ನು ಮಾತಾಡಿಸಿದಳು.

"ಅವ್ವನ ಕೂದ್ಲು ಇನ್ನೇನಾರ ಅದಾ ಅಪ್ಪ?"

"ಇಲ್ಲ ಕಣವ್ವ. ಇರೋದೆಲ್ಲ ಇದ್ರಲ್ಲೇ."

ಮುದ್ರೆ ಆಮೇಲೆ ಹಾಕಿದರಾಯಿತು ಎಂದು ವೃಷಭೇಂದ್ರಪ್ಪ ಮಹದೇವುವನ್ನು ಹೊರಗೆ ಕರೆದ. ಜೀಪಿನ ಬಾನೆಟ್ಟಿನ ಮೇಲೆ ಕೇಸ್ ಡೈರಿ ಇಟ್ಟುಕೊಂಡು, ಕೃತ್ಯದ ಉದ್ದೇಶ ಎಂಬಲ್ಲಿ, ಆರೋಪಿಗೆ ಮಾಲಿನ ಆಸೆ ಇರಲಿಲ್ಲ, ಮಗಳು ನಂಬಬೇಕಿತ್ತು ಎಂದು ಬರೆದ. ಒಳಗೆ ಸುಮಾ ಒಂದು ಬೆರಳಿನಿಂದ ಹೊಲಿಗೆಯನ್ನು ಮುಟ್ಟಿ ನೋಡುತ್ತಿದ್ದಳು.