ಹನ್ನೊಂದು ಮಹಡಿಯ ನೆರಳು

ಬಹಳ ಹಿಂದಿನ ಮಾತು. ನಮ್ಮಜ್ಜಿಯ ಅಜ್ಜಿಗೂ ಹಾಲುಹಲ್ಲು ಮೂಡಿರದ ಕಾಲ. ಹೊಂಬಾಳು ಎಂಬ ರಾಜ್ಯದಲ್ಲಿ ಮಾಚಣ್ಣ ಎಂಬ ಕುಂಬಾರರ ತರುಣನಿದ್ದ. "ಕುಂಬಾರನಾದವನ ಚಕ್ರ ಹಟ್ಟಿಯಲ್ಲಿರಬೇಕು, ಇವನದು ಕಾಲಲ್ಲಿದೆ" ಎಂದು ಅವನಪ್ಪ ಬೈಯುತ್ತಿದ್ದ. ಬೈಗುಳಕ್ಕೆ ನಿಲ್ಲುವ ಕಾಲು ಅದಲ್ಲ. ಕಡಲು ದಾಟಿದ, ಮರಳುಗಾಡು ದಾಟಿದ, ಹಿಮದ ಕಣಿವೆ ದಾಟಿದ. ಒಂದು ಬೆಳಿಗ್ಗೆ ಉಸ್ಮಾನಿ ಸುಲ್ತಾನರ ನಾಡಿನಲ್ಲಿ ನಾರ್‌ಬಯಿರ್ ಎಂಬ ಊರಿನ ಬುಡದಲ್ಲಿ ಬಂದು ನಿಂತ.

ನಿಂತವನು ತೆರೆದ ಬಾಯಿ ಮುಚ್ಚಲಿಲ್ಲ. ಊರು ನೆಲದ ಮೇಲಿರಲಿಲ್ಲ, ಗುಡ್ಡದ ಮೈಗೆ ಅಂಟಿಕೊಂಡಿತ್ತು. ಒಬ್ಬರ ಹೆಂಚಿನ ಮಟ್ಟಕ್ಕೆ ಇನ್ನೊಬ್ಬರ ಹೊಸಿಲು. ಬಿಳಿ ಗೋಡೆ, ಕಪ್ಪು ಮರದ ತೊಲೆ, ಓಣಿಯ ಮೇಲೆ ಮುಂದಕ್ಕೆ ಚಾಚಿದ ಮಹಡಿ, ಆ ಮಹಡಿಯ ತುಂಬ ಕಿಟಕಿ! ಮಾಚಣ್ಣ ಇನ್ನೂರರವರೆಗೆ ಎಣಿಸಿ ಲೆಕ್ಕ ತಪ್ಪಿ ಮತ್ತೆ ಒಂದರಿಂದ ಶುರು ಮಾಡಿದ. ತಲೆಯ ಮೇಲೆ ದ್ರಾಕ್ಷಿಯ ಚಪ್ಪರ, ಕಾಲಡಿಯಲ್ಲಿ ನುಣುಪಾದ ಕಲ್ಲು, ಮೂಲೆಮೂಲೆಗೂ ನೀರು ಸುರಿಯುವ ಕಾರಂಜಿ. "ಅಯ್ಯಯ್ಯೋ, ಇದನ್ನ ನೋಡದೆ ಸತ್ತಿದ್ರೆ ಏನು ಗತಿ!" ಎಂದು ತನಗೆ ತಾನೇ ಕೂಗಿಕೊಂಡ.

ಒಂದು ಸಂಗತಿ ಅವನ ಕಣ್ಣಿಗೆ ಬಿತ್ತು. ಅಷ್ಟು ಒತ್ತೊತ್ತಾಗಿದ್ದರೂ ಯಾವ ಮನೆಯೂ ಇನ್ನೊಂದರ ಕಿಟಕಿಗೆ ಅಡ್ಡವಾಗಿರಲಿಲ್ಲ. ಎಲ್ಲರಿಗೂ ಬಿಸಿಲು, ಎಲ್ಲರಿಗೂ ಕಣಿವೆ. ಗುಡ್ಡದ ತುದಿಯಲ್ಲಿದ್ದ ಒಂದೇ ಒಂದು ಮನೆ ಮಾತ್ರ ಹನ್ನೊಂದು ಮಹಡಿ ಎತ್ತಿ ನಿಂತಿತ್ತು. ಅದರ ಸುತ್ತ ಪಾರಿವಾಳಗಳು ಸುತ್ತುತ್ತಿದ್ದವು.

ಎಲ್ಲಕ್ಕಿಂತ ಕೆಳಗಿನ ಮನೆಯ ಬಾಗಿಲಲ್ಲಿ ಸಫಿಯೆ ಎಂಬ ಮುದುಕಿ ನಿಂತಿದ್ದಳು. "ದೂರದವನು ಕಾಣ್ತೀಯ ಮಗಾ, ಒಳಗೆ ಬಾ" ಎಂದಳು. ಅವಳ ಭಾಷೆ ಇವನಿಗೆ ಹೇಗೆ ತಿಳಿಯಿತು ಎಂದು ಕೇಳಬೇಡಿ. ಕತೆಯಲ್ಲಿ ಎಲ್ಲರಿಗೂ ಎಲ್ಲರ ಮಾತೂ ತಿಳಿಯುತ್ತದೆ, ಕಷ್ಟವೆಲ್ಲ ಕತೆಯಿಂದ ಹೊರಗಿರುವವರಿಗೆ.

ಮುದುಕಿ ತಾಮ್ರದ ತಟ್ಟೆಯಲ್ಲಿ ಎರಡು ವಸ್ತು ತಂದಿಟ್ಟಳು. ಪುಟ್ಟ ಬಟ್ಟಲಲ್ಲಿ ಕರ್ರಗಿನ ಬಿಸಿ ಕಾಫಿ, ಪಕ್ಕದಲ್ಲಿ ಒಂದು ಲೋಟ ನೀರು. ಹೊಂಬಾಳಿನಲ್ಲಿ ಯಾರ ಮನೆಗೆ ಹೋದರೂ ಮೊದಲು ನೀರು, ಜೊತೆಗೊಂದು ಚೂರು ಬೆಲ್ಲ. ಆ ನೀರು ಮುಟ್ಟದಿದ್ದರೆ ಮನೆಯವರಿಗೆ ಅವಮಾನ. ಮಾಚಣ್ಣ ಮರ್ಯಾದೆಯಿಂದ ಲೋಟ ಎತ್ತಿ ಗಟಗಟ ಕುಡಿದ.

ಮುದುಕಿ ಒಂದು ಗಳಿಗೆ ಅವನನ್ನೇ ನೋಡಿದಳು. ಒಳಗೆ ಹೋಗಿ ಬೆಣ್ಣೆ ಜಿನುಗುವ ಅನ್ನ, ದ್ರಾಕ್ಷಿ ಎಲೆಯಲ್ಲಿ ಸುತ್ತಿದ ಕಡುಬು, ಗಟ್ಟಿ ಮೊಸರು ತಂದು ಮುಂದಿಟ್ಟಳು. ಎಂಥ ಜನರಪ್ಪಾ ಎಂದುಕೊಂಡು ಮಾಚಣ್ಣ ತಟ್ಟೆ ಬಳಿದು ತಿಂದ. ತಿನ್ನುವಷ್ಟು ಹೊತ್ತೂ ಅವಳು ಕಿಟಕಿಯಲ್ಲಿ ಕುಳಿತಿದ್ದ ಒಂದು ಬೂದು ಪಾರಿವಾಳವನ್ನು ನೋಡುತ್ತಿದ್ದಳು.

ಅಲ್ಲಿಂದ ಮೇಲೆ ಹತ್ತಿದ. ಅರ್ಧ ಗುಡ್ಡದಲ್ಲಿ ರುಸ್ತೆಮ್ ಎಂಬ ಕಂಚುಗಾರ ಪಾತ್ರೆ ಬಡಿಯುತ್ತಿದ್ದ. ಅವನೂ ಕರೆದ, ಅವನೂ ಅದೇ ತಟ್ಟೆ ಇಟ್ಟ, ಮಾಚಣ್ಣ ಮತ್ತೆ ಲೋಟ ಎತ್ತಿ ಗಟಗಟ ಕುಡಿದ. ಮತ್ತೆ ಊಟ ಬಂತು! ಈ ಸಲ ಕುರಿಮಾಂಸ, ರೊಟ್ಟಿ, ಜೇನು ಸುರಿದ ಸಿಹಿ. ಬೇಡವೆನ್ನಲು ನಾಚಿಕೆ. ಮಾಚಣ್ಣ ಸೊಂಟದ ಪಟ್ಟಿ ಸಡಿಲಿಸಿ ತಿಂದ. ಕೊನೆಯ ತುತ್ತಿಗೆ ಕಣ್ಣಲ್ಲಿ ನೀರು ಬಂತು.

"ತಮ್ಮಾ, ನಿನ್ನದು ಹೊಟ್ಟೆಯೋ ಕಣಜವೋ?" ಎಂದು ರುಸ್ತೆಮ್ ನಕ್ಕ. "ಕೆಳಗೆ ಸಫಿಯೆ ಮನೇಲಿ ಉಂಡು ಬಂದೆ ಅಂತೀಯ, ಇಲ್ಲೂ ಕೇಳ್ತೀಯ!"

"ನಾನೆಲ್ಲಿ ಕೇಳ್ದೆ ಅಣ್ಣಾ?"

"ನೀರು ಮೊದಲು ಕುಡಿದೆಯಲ್ಲ! ನಮ್ಮೂರಲ್ಲಿ ಕಾಫಿ ಮೊದಲು ಕುಡಿದ್ರೆ ಹೊಟ್ಟೆ ತುಂಬಿದೆ ಅಂತ. ನೀರು ಮೊದಲು ಕುಡಿದ್ರೆ ಹಸಿವಾಗಿದೆ, ಹಾಕು ಅಂತ. ಬಾಯಿಬಿಟ್ಟು ಕೇಳೋ ಸಂಕಟ ಅತಿಥಿಗೆ ಬರಬಾರದು ನೋಡು. ಹಾಗೆ ಕೇಳಿದವನು ಹಸಿದು ಹೊರಟರೆ ಆ ಹೊಸಿಲು ಮನೆಯವನ ಕೈಬಿಡುತ್ತೆ. ಗೋಡೆ ಕೂಡ ಅವನ ಮಾತು ಕೇಳಲ್ಲ."

ಮಾಚಣ್ಣನ ಕಿವಿ ಕೆಂಪಾಯಿತು. "ಪಾಪ, ಆ ಅಜ್ಜಿಗೆ ತೊಂದರೆ ಕೊಟ್ಟೆ."

ರುಸ್ತೆಮನ ನಗು ನಿಂತಿತು. "ನೀನು ಉಂಡದ್ದು ಅವಳ ಮಗ ಇದ್ರಿಸ್‌ನ ಪಾಲು. ಅವನು ಬರ್ತಾನೆ ಅಂತ ಇವತ್ತೂ ಮಾಡಿಟ್ಟಿದ್ದಾಳೆ." ಆಮೇಲೆ ಎಲ್ಲ ಹೇಳಿದ. ತುದಿಯ ಮನೆ ಕಾರಾ ಆಗಾ ಎಂಬ ಮಾಂತ್ರಿಕನದು. ಹೊತ್ತು ಇಳಿದಂತೆ ಅವನ ಮನೆಯ ನೆರಳು ಊರಿನ ಕಿಟಕಿಗಳ ಮೇಲೆ ಬೀಳುತ್ತದೆ ಎಂದು ಜಗಳಕ್ಕೆ ಹೋದವರಿಗೆಲ್ಲ ಅವನು ಕಾಫಿ ಕೊಡುತ್ತಾನೆ. ಅದರ ಘಮಕ್ಕೆ ಬೇಡವೆನ್ನಲು ಆಗದು. ಕುಡಿದವರು ಪಾರಿವಾಳವಾಗುತ್ತಾರೆ, ಮನೆಗೆ ಒಂದು ಮಹಡಿ ಏರುತ್ತದೆ. ನಿನ್ನೆ ಇದ್ರಿಸ್ ಹೋದ. ಅವನು ಹನ್ನೊಂದನೆಯವನು.

"ಇವತ್ತು ಸಂಜೆ ಆ ನೆರಳು ಸಫಿಯೆಯ ಕಿಟಕಿಗೆ ಮುಟ್ಟುತ್ತೆ. ಅದು ಊರಿನ ಕೊನೇ ಕಿಟಕಿ. ಮುಟ್ಟಿದ್ರೆ ಹನ್ನೊಂದು ಜನರೂ ಮನುಷ್ಯರಾಗಿದ್ದನ್ನ ಮರೆತು ಹಾರಿಹೋಗ್ತಾರೆ."

"ನೀರು ಮೊದಲು ಕುಡೀಬಹುದಿತ್ತಲ್ಲ ಯಾರಾದ್ರೂ?"

"ಜಗಳಕ್ಕೆ ಹೋದ ಮನೇಲಿ ಊಟ ಕೇಳೋದಾ! ನಮ್ಮವರು ಸತ್ತರೂ ಕೇಳಲ್ಲ ತಮ್ಮಾ."

ಮಾಚಣ್ಣ ಕೆಳಗಿನ ಸಫಿಯೆಯ ಮನೆಯತ್ತ ತಿರುಗಿ ನೋಡಿದ. ಮಗ ಹಕ್ಕಿಯಾದ ಮಾರನೆಯ ದಿನ, ಆ ತಾಯಿ ತುಟಿ ಪಿಟಕ್ಕೆನ್ನದೆ ತನಗೆ ಬಡಿಸಿದ್ದಳು. "ನನಗೆ ಮಾನ ಹೋದ್ರೂ ಪರವಾಗಿಲ್ಲ ಅಣ್ಣಾ, ನಾನು ಈ ಊರವನಲ್ಲ" ಎಂದು ಎದ್ದೇಬಿಟ್ಟ.

ತುದಿಯ ಮನೆಯ ಬಾಗಿಲ ಮೇಲೆ ಹಿತ್ತಾಳೆಯ ಸಿಂಹದ ತಲೆಯಿತ್ತು. "ಜಗಳಕ್ಕೆ ಬಂದೆಯಾ?" ಎಂದು ಅದು ಕೇಳಿತು. "ಇಲ್ಲಪ್ಪ, ಊರು ನೋಡೋಕೆ ಬಂದೆ" ಎಂದ ಮಾಚಣ್ಣ. ಸಿಂಹ ಆಕಳಿಸಿ ಬಾಗಿಲು ಬಿಟ್ಟಿತು.

ಕಾರಾ ಆಗಾ ನಗುತ್ತ ಎದುರುಗೊಂಡ. ಚಿಟಿಕೆ ಹೊಡೆದ, ತಟ್ಟೆ ಬಂತು. ಆ ಕಾಫಿಯ ಘಮವೋ, ಅಬ್ಬಾ! ಮಾಚಣ್ಣನ ಬಲಗೈ ಹೇಳದೆ ಕೇಳದೆ ಬಟ್ಟಲಿನ ಕಡೆ ಹೊರಟಿತು. ಅವನು ಎಡಗೈಯಿಂದ ಬಲಗೈ ಹಿಡಿದೆಳೆದು ಲೋಟಕ್ಕೆ ತಂದ. ಕುತ್ತಿಗೆಯವರೆಗೆ ತುಂಬಿದ ಹೊಟ್ಟೆಗೆ ಒಂದು ಗುಟುಕೂ ಇಳಿಯುವ ಹಾಗಿರಲಿಲ್ಲ. ಇಳಿಸಿದ. ಪೂರ್ತಿ ಇಳಿಸಿದ.

ಮಾಂತ್ರಿಕನ ಮುಖ ಸುಣ್ಣವಾಯಿತು. "ನಿನಗೆ... ಹಸಿವಾ?"

"ಹೊಟ್ಟೆ ತಾಳ ಹಾಕ್ತಿದೆ ಆಗಾ!" ಶುದ್ಧ ಸುಳ್ಳು. ಆದರೆ ಕಟ್ಟಳೆಗೆ ಕಾಣುವುದು ಲೋಟ, ಹೊಟ್ಟೆಯಲ್ಲ.

ಮಾಂತ್ರಿಕ ಗಾಳಿಯಿಂದ ಒಂದು ತಟ್ಟೆ ಪಲಾವು ತೆಗೆದ. ಮಾಚಣ್ಣ ಬೆರಳಿಟ್ಟ, ಅದು ಬೂದಿಯಾಯಿತು. ಆಮೇಲೆ ಊಟ ತರಲೆಂದು ಸಿಂಹದ ತಲೆಯನ್ನು ಊರಿಗೆ ಅಟ್ಟಿದ. ಅದು ಉರುಳಿಕೊಂಡು ಹೋಗಿ ಬರಿಬಾಯಿಯಲ್ಲಿ ಉರುಳಿಕೊಂಡು ಬಂತು. ಕೊನೆಗೆ ತಾನೇ ಅಡಿಗೆಮನೆಗೆ ನುಗ್ಗಿದ. ನಲವತ್ತು ವರ್ಷ ಯಾರಿಗೂ ಬಡಿಸದವನ ಒಲೆಯಲ್ಲಿ ಜೇಡ ಸಂಸಾರ ಹೂಡಿತ್ತು. ಊದಿದ, ಊದಿದ, ಕಣ್ಣು ಕೆಂಪಾಗುವವರೆಗೆ ಊದಿದ. ಕಿಡಿ ಹತ್ತಲಿಲ್ಲ.

"ತಡಿಯಪ್ಪಾ, ಆಗ್ತಾ ಬಂತು" ಎಂದು ಒಳಗಿನಿಂದ ಕೂಗುತ್ತಿದ್ದ. ಮಾಚಣ್ಣ ಕಿಟಕಿಯಿಂದ ಬಗ್ಗಿ ನೋಡಿದ. ನೆರಳು ಸಫಿಯೆಯ ಮನೆಯ ಅಂಗಳ ದಾಟಿ ಗೋಡೆ ಹತ್ತುತ್ತಿತ್ತು. ಮಾಂತ್ರಿಕನಿಗೆ ಬೇಕಾಗಿದ್ದುದು ಹೊತ್ತು ಮಾತ್ರ! ಇನ್ನು ಒಂದು ಗೇಣು, ಇನ್ನು ನಾಲ್ಕು ಬೆರಳು.

ಮಾಚಣ್ಣ ಓಡಿಹೋಗಿ ಚಪ್ಪಲಿ ಮೆಟ್ಟಿದ. "ಕಾರಾ ಆಗಾ, ನಿನ್ನ ಮನೆಯಿಂದ ಹಸಿದು ಹೊರಟೆ!" ಎಂದು ಇಡೀ ಗುಡ್ಡಕ್ಕೆ ಕೇಳುವಂತೆ ಕೂಗಿದ.

"ಬೇಡ! ಬೇಡಪ್ಪಾ! ಹೊಸಿಲು ದಾಟಬೇಡ!" ಮಾಂತ್ರಿಕ ಮಸಿ ಕೈಯಲ್ಲಿ ಓಡಿಬಂದ. ಮಾಚಣ್ಣ ದಾಟಿಬಿಟ್ಟಿದ್ದ.

ಹನ್ನೊಂದನೆಯ ಮಹಡಿ ಕಳಚಿತು. ಕಲ್ಲು ಬೀಳಲಿಲ್ಲ, ಸದ್ದಾಗಲಿಲ್ಲ; ಮಹಡಿ ಮಾಯವಾಗಿ ಬಿಸಿಲು ಬಂತು. ಹತ್ತನೆಯದು ಹೋಯಿತು, ಒಂಬತ್ತನೆಯದು ಹೋಯಿತು. ಗುಡ್ಡದ ಕೆಳಗಿನಿಂದ ಒಂದೊಂದೇ ಕಿಟಕಿ ಬೆಳಗುತ್ತ ಮೇಲೆ ಬಂತು, ಊರಿಗೆ ಊರೇ ಹೊಳೆಯಿತು. ಮಾಚಣ್ಣ ಹುಚ್ಚನ ಹಾಗೆ ಕುಣಿದ, ಆ ತುಂಬಿದ ಹೊಟ್ಟೆಯಲ್ಲೇ. ಮಾಂತ್ರಿಕನಿಗೆ ಉಳಿದದ್ದು ಒಂದು ಕೋಣೆ, ಒಂದು ಒಲೆ. ರುಸ್ತೆಮ್ ಅವನಿಗೆ ಬೆಂಕಿ ಹೊತ್ತಿಸಲು ಕಲಿಸಿದ. ಈಗಲೂ ಅವನ ಅನ್ನ ಸೀದುಹೋಗುತ್ತದೆ, ಆದರೂ ಬಂದವರಿಗೆ ಬಡಿಸುತ್ತಾನೆ.

ಪಾರಿವಾಳಗಳಾಗಿದ್ದವರು ಇಳಿದು ಮನುಷ್ಯರಾಗಿ ತಮ್ಮ ತಮ್ಮ ಮನೆಗೆ ಓಡಿದರು. ಸಫಿಯೆಯ ಮುಂದೆ ಇದ್ರಿಸ್ ಬಂದು ನಿಂತ. ಆಳೆತ್ತರದ ಗಡ್ಡದ ಮಗ. "ಅಮ್ಮಾ" ಎನ್ನಲು ಬಾಯಿ ತೆರೆದ. ಬಂದದ್ದು ಪಾರಿವಾಳದ ಗುಟುರು. ಗಾಬರಿಯಿಂದ ಮತ್ತೆ ಪ್ರಯತ್ನಿಸಿದ, ಮತ್ತೆ ಗುಟುರು. ಅವನ ಕಣ್ಣು ತುಂಬಿತು.

ಸಫಿಯೆ ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಜೋರಾಗಿ ಅತ್ತುಬಿಟ್ಟಳು. "ಅಷ್ಟೇ ಸಾಕು ಕಂದಾ. ಮಾತು ನಿಧಾನಕ್ಕೆ ಬರಲಿ, ನನಗೇನು ಅವಸರ?" ಎಂದಳು.

ನಾಲ್ಕು ದಿನಕ್ಕೆ ಮಾತೂ ಬಂತು. ಆ ಊರಿನವರು ಬಿಸಿಲಲ್ಲಿ ಸುಖವಾಗಿ ಬಾಳಿದರು. ಕೇಳಿದ ನೀವೂ ಹಾಗೆಯೇ ಬಾಳಿ.